ಬಿತ್ತನೆಯ ಭತ್ತ

ಹಾಕಿ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಕೊಡಗು, ಹಸಿರು ಮೈದಾನ, ತುದಿ ಬಾಗಿದ ಕೋಲು. ನಾನೀಗ ಹೇಳಹೊರಟಿರುವುದು ಬೇರೊಂದು ಹಾಕಿಯ ಕಥೆ. ಕೆನಡಾ ಮತ್ತು ಅಮೆರಿಕದಲ್ಲಿ ಮಂಜುಗಡ್ಡೆಯ ಮೇಲೆ, ಉಕ್ಕಿನ ಅಲಗು ಜೋಡಿಸಿದ ಬೂಟು ತೊಟ್ಟು ಆಡುವ ಆಟ ಅದು. ಚೆಂಡಿನ ಬದಲು ರಬ್ಬರಿನ ಒಂದು ಬಿಲ್ಲೆ. ಗೋಲ್‌ಕೀಪರನೂ ಸೇರಿ ಒಂದು ಕಡೆಗೆ ಆರು ಜನ. ಅಲ್ಲಿನ ದೊಡ್ಡ ತಂಡಗಳೆಲ್ಲ 1917ರಲ್ಲಿ ಶುರುವಾದ ನ್ಯಾಷನಲ್ ಹಾಕಿ ಲೀಗಿಗೆ ಸೇರಿದವು. ವರ್ಷಕ್ಕೊಮ್ಮೆ ಅವೆಲ್ಲ ಸ್ಟ್ಯಾನ್ಲಿ ಕಪ್ ಎಂಬ ಬೆಳ್ಳಿಯ ಪಾತ್ರೆಗಾಗಿ ಹೋರಾಡುತ್ತವೆ. ಗೆದ್ದವರ ಹೆಸರುಗಳನ್ನು ಆ ಪಾತ್ರೆಯ ಮೈಮೇಲೆಯೇ ಕೆತ್ತುತ್ತಾರೆ.

ನನ್ನ ಮಗಳ ಮನೆ ಡೆಟ್ರಾಯ್ಟಿನ ಹತ್ತಿರ. ಚಳಿಗಾಲದಲ್ಲಿ ಅಲ್ಲಿಗೆ ಹೋದರೆ ಸಂಜೆ ನಾಲ್ಕೂವರೆ, ಐದಕ್ಕೆಲ್ಲ ಕತ್ತಲು, ಹೊರಗೆ ಕಾಲಿಡುವಂತಿಲ್ಲ. ಮನೆಯವರೆಲ್ಲ ಕುಳಿತು ಊರಿನ ತಂಡ ‘ರೆಡ್ ವಿಂಗ್ಸ್’ ಆಡುವುದನ್ನು ಟೀವಿಯಲ್ಲಿ ನೋಡುತ್ತಾರೆ. ನನಗೆ ಆಟಕ್ಕಿಂತ ಅದರ ಇತಿಹಾಸವೇ ಹೆಚ್ಚು ಹಿಡಿಸಿತು. ಆ ಇತಿಹಾಸದುದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ತಂಡಕ್ಕೆ ವಯಸ್ಸಾದಾಗ ಏನು ಮಾಡಬೇಕು?

ಇದಕ್ಕೆ ಅವರಲ್ಲಿ ಎರಡು ಮಾತುಗಳಿವೆ. ಒಂದು ‘ರೀಬಿಲ್ಡ್’, ಅಂದರೆ ಕೆಡವಿ ಕಟ್ಟುವುದು. ಹೆಸರು ಮಾಡಿದ ಹಿರಿಯರನ್ನೆಲ್ಲ ಬೇರೆ ತಂಡಗಳಿಗೆ ಕೊಟ್ಟು, ಬದಲಿಗೆ ಹುಡುಗರನ್ನು ಆರಿಸಿಕೊಳ್ಳುವ ಹಕ್ಕನ್ನು ಪಡೆದು, ಕೆಲವು ವರ್ಷ ಸೋಲುತ್ತಾ ಹೊಸ ತಂಡ ಬೆಳೆಯುವುದನ್ನು ಕಾಯುವುದು. ಇನ್ನೊಂದು ‘ರೀಟೂಲ್’, ನಮ್ಮ ಮಾತಿನಲ್ಲಿ ರಿಪೇರಿ. ಕಂಬ ತೊಲೆಗಳನ್ನು ಹಾಗೆಯೇ ಉಳಿಸಿಕೊಂಡು, ಸೋರುವ ಕಡೆ ಹೆಂಚು ಬದಲಾಯಿಸುವುದು.

ಸೋಲುತ್ತಾ ಕಾಯುವುದರಲ್ಲಿ ಏನು ಲಾಭ ಎಂದು ಕೇಳಬಹುದು. ಆ ಲೀಗಿನಲ್ಲಿ ಪ್ರತಿ ಬೇಸಿಗೆಯಲ್ಲೂ ಹದಿನೆಂಟರ ಹರೆಯದ ಹೊಸ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. 1963ರಿಂದ ನಡೆದು ಬಂದಿದೆ. ಸೋತು ಕೆಳಗಿರುವವರಿಗೆ ಇಲ್ಲಿ ಮೊದಲ ಪಂಕ್ತಿಯ ಊಟ. ಬೇಕೆಂದೇ ಸೋಲಬಾರದೆಂದು ಮೇಲಿನ ಕೆಲವು ಸ್ಥಾನಗಳಿಗೆ ಲಾಟರಿ ಎತ್ತುತ್ತಾರೆ. ಅದರ ಜೊತೆಗೆ 2005ರಿಂದ ಸಂಬಳಕ್ಕೊಂದು ಮಿತಿಯಿದೆ. ಒಂದಿಡೀ ಋತು ಆಟವೇ ನಿಂತುಹೋಗುವಷ್ಟು ಜಗಳವಾದ ಮೇಲೆ ಬಂದ ನಿಯಮ ಅದು. ಮೊದಲ ವರ್ಷ ಒಂದು ತಂಡ ತನ್ನ ಆಟಗಾರರೆಲ್ಲರಿಗೂ ಸೇರಿ 3 ಕೋಟಿ 90 ಲಕ್ಷ ಡಾಲರಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಹೀಗಾಗಿ ಹಿರಿಯನಿಗೆ ಹೆಚ್ಚು ಕೊಟ್ಟರೆ ಕಿರಿಯನಿಗೆ ಕಡಿಮೆಯಾಗುತ್ತದೆ. ತಿಂಗಳ ಸಂಬಳದಲ್ಲಿ ಮನೆ ನಡೆಸಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎರಡು ದಾರಿಗಳಲ್ಲಿ ಯಾವುದು ಸರಿ? ಇತಿಹಾಸದಲ್ಲಿ ಎರಡಕ್ಕೂ ಸಾಕ್ಷಿಗಳಿವೆ. ಆ ಸಾಕ್ಷಿಗಳನ್ನು ಒಂದೊಂದಾಗಿ ಕರೆದು ಕೇಳೋಣ.

ಮೊದಲನೆಯದು 1955ರ ಡೆಟ್ರಾಯ್ಟ್. ಆ ತಂಡದ ಒಡೆಯ ಜೇಮ್ಸ್ ನಾರಿಸ್ 1952ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅಧ್ಯಕ್ಷಸ್ಥಾನಕ್ಕೆ ಬಂದವಳು ಅವನ ಮಗಳು ಮಾರ್ಗರೀಟ್ ನಾರಿಸ್. ಇಪ್ಪತ್ತೈದರ ಹುಡುಗಿ. ಆ ಲೀಗಿನ ತಂಡವೊಂದನ್ನು ನಡೆಸಿದ ಮೊದಲ ಹೆಂಗಸು ಅವಳೇ. 1954ರಲ್ಲಿ ತಂಡ ಗೆದ್ದಾಗ ಸ್ಟ್ಯಾನ್ಲಿ ಕಪ್ಪಿನ ಮೇಲೆ ಮೊಟ್ಟಮೊದಲ ಬಾರಿಗೆ ಒಬ್ಬ ಹೆಣ್ಣಿನ ಹೆಸರು ಕೆತ್ತಲ್ಪಟ್ಟಿತು. 1955ರಲ್ಲಿ ತಂಡ ಮತ್ತೆ ಗೆದ್ದಿತು. ಅದೇ ವರ್ಷ ಅಧಿಕಾರ ಅವಳ ಕೈಯಿಂದ ಅಣ್ಣ ಬ್ರೂಸ್‌ನ ಕೈಗೆ ಹೋಯಿತು. ಗೆದ್ದ ತಂಡವನ್ನು ಮ್ಯಾನೇಜರ್ ಜ್ಯಾಕ್ ಆಡಮ್ಸ್ ಆ ಬೇಸಿಗೆಯಲ್ಲೇ ಬಿಡಿಬಿಡಿಯಾಗಿ ಬಿಚ್ಚಿಬಿಟ್ಟ. ಹಲವರನ್ನು ಶಿಕಾಗೋಗೆ ಕಳಿಸಿದ, ಇನ್ನು ಕೆಲವರನ್ನು ಬಾಸ್ಟನ್ನಿಗೆ. ಬಾಸ್ಟನ್ನಿಗೆ ಹೋದವರಲ್ಲಿ ಗೋಲ್‌ಕೀಪರ್ ಟೆರಿ ಸಾಚಕ್ ಕೂಡ ಒಬ್ಬ. ಆಗ ಅವನಿಗೆ 25 ವರ್ಷ.

ಆಡಮ್ಸ್‌ನ ಬಳಿ ಕಾರಣ ಇಲ್ಲದಿರಲಿಲ್ಲ. ಗ್ಲೆನ್ ಹಾಲ್ ಎಂಬ ಎಳೆಯ ಗೋಲ್‌ಕೀಪರ್ ಸಿದ್ಧನಾಗಿದ್ದ. ಬಂದ ವರ್ಷವೇ ಹೊಸಬರಲ್ಲಿ ಅತ್ಯುತ್ತಮನೆಂಬ ಬಹುಮಾನವನ್ನೂ ಪಡೆದ. ಆದರೆ ಎರಡು ವರ್ಷ ಕಳೆಯುವುದರೊಳಗೆ, 1957ರಲ್ಲಿ, ಅವನನ್ನೂ ಶಿಕಾಗೋಗೆ ಸಾಗಹಾಕಿದ. ಜೊತೆಗೆ ಹೋದವನು ಟೆಡ್ ಲಿಂಡ್ಸೆ. ಆಟಗಾರರ ಸಂಘ ಕಟ್ಟಲು ಮುಂದಾಗಿ ಮಾಲೀಕರ ಕಣ್ಣಿಗೆ ಬಿದ್ದಿದ್ದವನು. 1961ರ ಫೈನಲ್ಲಿನಲ್ಲಿ ಡೆಟ್ರಾಯ್ಟನ್ನು ಸೋಲಿಸಿ ಕಪ್ ಎತ್ತಿಕೊಂಡದ್ದು ಅದೇ ಶಿಕಾಗೋ, ಗೋಲಿನಲ್ಲಿ ನಿಂತಿದ್ದವನು ಅದೇ ಹಾಲ್. ಗಾರ್ಡಿ ಹೋವ್‌ನಂಥ ಮಹಾ ಆಟಗಾರ ಇದ್ದುದರಿಂದ ಡೆಟ್ರಾಯ್ಟ್ ಕೆಲಕಾಲ ತಲೆಯೆತ್ತಿಕೊಂಡೇ ಇತ್ತು. ಆಮೇಲೆ ಕುಸಿಯಿತು. 1967ರಿಂದ 1983ರವರೆಗಿನ 17 ಋತುಗಳಲ್ಲಿ ಅದು ಕೊನೆಯ ಸುತ್ತಿನ ಪಂದ್ಯಗಳಿಗೆ, ಅಂದರೆ ಪ್ಲೇಆಫ್‌ಗೆ, ಹೋದದ್ದು ಎರಡೇ ಸಲ. ರೆಡ್ ವಿಂಗ್ಸ್ ಎನ್ನುವ ಬದಲು ‘ಡೆಡ್ ವಿಂಗ್ಸ್’ ಎಂದು ಜನ ಆಡಿಕೊಂಡರು. 1955ರ ನಂತರ ಕಪ್ ಮತ್ತೆ ಆ ಊರಿಗೆ ಬಂದದ್ದು 1997ರಲ್ಲಿ. ನಡುವೆ 42 ವರ್ಷ.

ಗಟ್ಟಿಯಿರುವ ಮನೆಯನ್ನು ಹುಮ್ಮಸ್ಸಿಗೆ ಕೆಡವಬಾರದು ಎಂಬುದು ಇದರ ಪಾಠ ಎನ್ನೋಣ. ಹಾಗಾದರೆ ಹಿರಿಯರನ್ನು ಇಟ್ಟುಕೊಂಡೇ ಇದ್ದರೆ? ಅದಕ್ಕೆ ಎರಡನೆಯ ಸಾಕ್ಷಿ 1967ರ ಟೊರಾಂಟೊ ಮೇಪಲ್ ಲೀಫ್ಸ್.

ಈ ತಂಡದ ಹೆಸರು ಹೇಳಿದರೆ ಅಲ್ಲಿನ ಹಳಬರ ಕಣ್ಣು ಈಗಲೂ ಹೊಳೆಯುತ್ತದೆ. ಕೋಚ್ ಹಾಗೂ ಮ್ಯಾನೇಜರ್ ಆಗಿದ್ದವನು ಪಂಚ್ ಇಮ್ಲಾಕ್. ಅವನಿಗೆ ಹಿರಿಯ ಆಟಗಾರರೆಂದರೆ ಪ್ರಾಣ. ಗೋಲ್‌ಕೀಪರ್ ಜಾನಿ ಬೋವರ್‌ಗೆ 42 ವರ್ಷ, ಆಲನ್ ಸ್ಟ್ಯಾನ್ಲಿಗೆ 41, ರೆಡ್ ಕೆಲ್ಲಿಗೆ 39, ಟಿಮ್ ಹಾರ್ಟನ್‌ಗೆ 37. ಬೋವರ್‌ನ ಜೊತೆ ಸರದಿಯ ಮೇಲೆ ಗೋಲು ಕಾಯುತ್ತಿದ್ದ ಇನ್ನೊಬ್ಬ ಯಾರು ಗೊತ್ತೇ? ಹನ್ನೆರಡು ವರ್ಷದ ಹಿಂದೆ ಡೆಟ್ರಾಯ್ಟ್ ಬೇಡವೆಂದು ಕಳಿಸಿದ್ದ ಟೆರಿ ಸಾಚಕ್. ಈಗ ಅವನಿಗೂ 37.

ಆ ಚಳಿಗಾಲ ತಂಡ ಸತತ 10 ಪಂದ್ಯ ಸೋತಿತು. ಇಮ್ಲಾಕ್ ಆಸ್ಪತ್ರೆ ಸೇರಿದ. ಅವನ ಜಾಗದಲ್ಲಿ ನಿಂತ ಕಿಂಗ್ ಕ್ಲಾನ್ಸಿ ಎಲ್ಲರನ್ನೂ ನಗಿಸಿ ಹುರಿದುಂಬಿಸಿ ಮೇಲೆತ್ತಿದ. ಹೇಗೋ ಮೂರನೆಯವರಾಗಿ ಪ್ಲೇಆಫ್ ಮುಟ್ಟಿದ ಈ ಮುದುಕರ ದಂಡು ಮೊದಲ ಸ್ಥಾನದಲ್ಲಿದ್ದ ಶಿಕಾಗೋವನ್ನು ಸೋಲಿಸಿತು, ಆಮೇಲೆ ಮಾಂಟ್ರಿಯಲ್ಲನ್ನೂ. 1967ರ ಮೇ 2ರಂದು, ಕೊನೆಯ ನಿಮಿಷದಲ್ಲಿ ಒಂದೇ ಗೋಲಿನ ಮುನ್ನಡೆ ಇದ್ದಾಗ, ಇಮ್ಲಾಕ್ ತನ್ನ ಹಳಬರನ್ನೇ ಮಂಜಿನ ಮೇಲೆ ಕಳಿಸಿದ. ನಾಯಕ ಜಾರ್ಜ್ ಆರ್ಮ್‌ಸ್ಟ್ರಾಂಗ್ ಹೊಡೆದ ಗೋಲಿನಿಂದ 3-1. ಸ್ಟ್ಯಾನ್ಲಿ ಕಪ್ ಗೆದ್ದ ತಂಡಗಳಲ್ಲೇ ಅತ್ಯಂತ ವಯಸ್ಸಾದ ತಂಡ ಇದು. ಮುದಿತನ ಸೋಲಿಗೆ ಇನ್ನೊಂದು ಹೆಸರಲ್ಲ ಎಂದು ಆ ರಾತ್ರಿ ಅವರು ತೋರಿಸಿಕೊಟ್ಟರು.

ಆದರೆ ಮರುವರ್ಷವೇ ಟೊರಾಂಟೊ ಪ್ಲೇಆಫ್ ಮುಟ್ಟಲಿಲ್ಲ. 1969ರಲ್ಲಿ ಬಾಸ್ಟನ್ ಎದುರು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಾಗ ಇಮ್ಲಾಕ್‌ನನ್ನು ಮನೆಗೆ ಕಳಿಸಿದರು. 1967ರ ಆ ಕಪ್ಪಿನ ನಂತರ 2025ರವರೆಗೂ ಆ ಊರಿಗೆ ಇನ್ನೊಂದು ಬಂದಿಲ್ಲ. ಇದನ್ನು ಹಿರಿಯರ ತಪ್ಪು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಮುದುಕರು ಮೈಮುರಿದು ಆಡುತ್ತಿದ್ದ ಕಾಲದಲ್ಲೇ ಮಾಲೀಕರು ರಾಚೆಸ್ಟರ್ ಮತ್ತು ವಿಕ್ಟೋರಿಯಾದಲ್ಲಿದ್ದ ತಮ್ಮ ಕೆಳಹಂತದ ತಂಡಗಳನ್ನು ಮಾರಿಬಿಟ್ಟಿದ್ದರು. ನಾಳಿನ ಆಟಗಾರರು ಪಳಗುತ್ತಿದ್ದದ್ದು ಅಲ್ಲೇ. ಅದೇ 1967ರಲ್ಲಿ ಲೀಗು ಆರು ತಂಡಗಳಿಂದ ಹನ್ನೆರಡಕ್ಕೆ ಬೆಳೆದು, ಹೊಸ ತಂಡಗಳು ಹಳೆಯವುಗಳಿಂದ ಆಟಗಾರರನ್ನು ಎತ್ತಿಕೊಂಡವು. ಸಾಚಕ್ ಲಾಸ್ ಏಂಜಲಿಸಿಗೆ ಹೋದ. ಮಾರನೆಯ ವರ್ಷ ನಡುವಯಸ್ಸಿನ ದೊಡ್ಡ ಆಟಗಾರ ಫ್ರ್ಯಾಂಕ್ ಮಹೋವ್ಲಿಚ್‌ನನ್ನು ಡೆಟ್ರಾಯ್ಟಿಗೆ ಕೊಟ್ಟರು. ಬರಗಾಲದಲ್ಲೂ ನಮ್ಮ ಅಜ್ಜಿಯರು ಒಂದು ಮೂಟೆಗೆ ಕೈ ಹಾಕುತ್ತಿರಲಿಲ್ಲ, ಅದು ಬಿತ್ತನೆಯ ಭತ್ತ. ಟೊರಾಂಟೊದವರು ಹಬ್ಬದ ಊಟಕ್ಕೆ ಅದನ್ನೇ ಕುಟ್ಟಿಸಿದ್ದರು.

ಮೂರನೆಯ ಸಾಕ್ಷಿಗಾಗಿ ಮತ್ತೆ ಡೆಟ್ರಾಯ್ಟಿಗೆ ಬರಬೇಕು. 1982ರಲ್ಲಿ ಪಿಜ್ಜಾ ಅಂಗಡಿಗಳಿಂದ ಮೇಲೆ ಬಂದ ಮೈಕ್ ಇಲಿಚ್ ಮತ್ತು ಮರಿಯನ್ ಇಲಿಚ್ ದಂಪತಿ 80 ಲಕ್ಷ ಡಾಲರಿಗೆ ಆ ತಂಡವನ್ನು ನಾರಿಸ್ ಮನೆತನದಿಂದ ಕೊಂಡರು. ಮರುವರ್ಷ 18ರ ಹುಡುಗ ಸ್ಟೀವ್ ಐಜರ್‌ಮನ್‌ನನ್ನು ಆರಿಸಿದರು. 21ಕ್ಕೆ ಅವನು ನಾಯಕನಾದ. 1989ರ ಡ್ರಾಫ್ಟಿನಲ್ಲಿ 53ನೆಯ ಸರದಿಯಲ್ಲಿ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಾಮ್ ಸಿಕ್ಕ. ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ಬಹುಮಾನಕ್ಕೆ ಮಾರ್ಗರೀಟಳ ತಂದೆ ಜೇಮ್ಸ್ ನಾರಿಸ್‌ನ ಹೆಸರಿದೆ. ಅದನ್ನು ಲಿಡ್‌ಸ್ಟ್ರಾಮ್ ಏಳು ಸಲ ಪಡೆದ. 1998ರಲ್ಲಿ 171ನೆಯ ಸರದಿಯಲ್ಲಿ ರಷ್ಯಾದ ಪಾವೆಲ್ ದಾತ್ಸ್ಯುಕ್, 1999ರಲ್ಲಿ 210ನೆಯ ಸರದಿಯಲ್ಲಿ ಹೆನ್ರಿಕ್ ಜೆಟರ್‌ಬರ್ಗ್. ಬೇರೆಯವರು ಆರಿಸಿ ಬಿಟ್ಟ ಕಾಳಿನಲ್ಲೇ ಇವರಿಗೆ ಬೀಜ ಸಿಗುತ್ತಿತ್ತು.

2002ರಲ್ಲಿ ಕಪ್ ಗೆದ್ದ ಡೆಟ್ರಾಯ್ಟ್ ತಂಡವನ್ನು ನೋಡಿ. ಅದೂ ಮುದಿ ತಂಡವೇ. ಇಗೋರ್ ಲಾರಿಯೊನೊವ್‌ಗೆ 41, ಕ್ರಿಸ್ ಚೆಲಿಯೋಸ್‌ಗೆ 40, ನಾಯಕ ಐಜರ್‌ಮನ್‌ಗೆ 37. ಆದರೆ 37ರ ಬ್ರೆಟ್ ಹಲ್‌ನ ಪಕ್ಕದಲ್ಲಿ ಆಡುತ್ತಿದ್ದವರು ಇಬ್ಬರು ಎಳೆಯರು, ಅವರಲ್ಲೊಬ್ಬ ಆಗಷ್ಟೇ ಬಂದಿದ್ದ ದಾತ್ಸ್ಯುಕ್. ಆ ಮೂವರ ಗುಂಪಿಗೆ ‘ಇಬ್ಬರು ಹುಡುಗರು, ಒಂದು ಮುದಿ ಹೋತ’ ಎಂದೇ ಹೆಸರಾಗಿತ್ತು. ಹಿರಿಯರ ಮಗ್ಗುಲಲ್ಲೇ ಕಿರಿಯರು ಕಲಿತರು. 2008ರಲ್ಲಿ ಡೆಟ್ರಾಯ್ಟ್ ಮತ್ತೆ ಕಪ್ ಗೆದ್ದಾಗ ಮುಂದೆ ನಿಂತವರು ಈ ದಾತ್ಸ್ಯುಕ್, ಜೆಟರ್‌ಬರ್ಗರೇ. 1991ರಿಂದ 2016ರವರೆಗೆ ಸತತ 25 ಋತು ಆ ತಂಡ ಪ್ಲೇಆಫ್ ತಪ್ಪಿಸಿಕೊಳ್ಳಲಿಲ್ಲ.

ಕೆಟ್ಟದ್ದು ಆ 25ರ ಲೆಕ್ಕದಿಂದಲೇ. 2012ರಲ್ಲಿ 42ರ ಲಿಡ್‌ಸ್ಟ್ರಾಮ್ ನಿವೃತ್ತನಾದ ಮೇಲೂ ಲೆಕ್ಕ ಮುರಿಯಬಾರದು ಎಂಬುದೇ ಒಂದು ವ್ರತವಾಯಿತು. 2014ರ ಮಾರ್ಚಿನಲ್ಲಿ ಹೇಗಾದರೂ ಪ್ಲೇಆಫ್ ಮುಟ್ಟಲೆಂದು 33ರ ಡೇವಿಡ್ ಲೆಗ್ವಾಂಡ್‌ನನ್ನು ತಂದರು. ಅವನಿಗಾಗಿ ಕೊಟ್ಟದ್ದರಲ್ಲಿ ಕಾಲೆ ಯಾರ್ನ್‌ಕ್ರೋಕ್ ಎಂಬ ಭರವಸೆಯ ಹುಡುಗನೂ, ಒಂದು ಡ್ರಾಫ್ಟ್ ಸರದಿಯೂ ಸೇರಿದ್ದವು. ಮೊದಲ ಸುತ್ತಿನಲ್ಲೇ ಸೋತರು. ಆ ಬೇಸಿಗೆಯಲ್ಲಿ ಲೆಗ್ವಾಂಡ್ ಬೇರೆ ತಂಡಕ್ಕೆ ಹೋದ. 2016ರಲ್ಲಿ ದಾತ್ಸ್ಯುಕ್ ಒಪ್ಪಂದದ ಅವಧಿ ಮುಗಿಯುವ ಮುಂಚೆ ರಷ್ಯಾಕ್ಕೆ ಮರಳಿದ. ಅವನ ಸಂಬಳದ ಲೆಕ್ಕವನ್ನು ಮಿತಿಯಿಂದ ಇಳಿಸಿಕೊಳ್ಳಲು ಡೆಟ್ರಾಯ್ಟ್ ಅರಿಜೋನಾ ತಂಡದೊಡನೆ ಡ್ರಾಫ್ಟಿನ 16ನೆಯ ಸರದಿಯನ್ನು ಬಿಟ್ಟುಕೊಟ್ಟು 20ನೆಯದನ್ನು ತೆಗೆದುಕೊಂಡಿತು. ಆ 16ರಲ್ಲಿ ಅರಿಜೋನಾ ಆರಿಸಿದ್ದು ಜೇಕಬ್ ಚಿಕ್ರನ್ ಎಂಬ ಹುಡುಗನನ್ನು. ಹೆಸರು ನೆನಪಿರಲಿ. ಅದೇ ಬೇಸಿಗೆಯಲ್ಲಿ ಡೆಟ್ರಾಯ್ಟ್ 32ರ ಫ್ರಾನ್ಸ್ ನೀಲ್ಸನ್‌ಗೆ 6 ವರ್ಷದ ಒಪ್ಪಂದ ಕೊಟ್ಟಿತು. ಅವಧಿ ಮುಗಿಯುವುದಕ್ಕೆ ಮುಂಚೆ, 2021ರಲ್ಲಿ, ದುಡ್ಡು ಕೊಟ್ಟು ಅದನ್ನು ಬಿಡಿಸಿಕೊಳ್ಳಬೇಕಾಯಿತು.

2017ರಲ್ಲಿ ಲೆಕ್ಕ ಮುರಿಯಿತು. ಮೈಕ್ ಇಲಿಚ್ ತೀರಿಕೊಂಡದ್ದೂ ಆ ವರ್ಷವೇ. ಆಮೇಲೆ ಕೆಡವಿ ಕಟ್ಟುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. 2019ರಲ್ಲಿ ಹಳೆಯ ನಾಯಕ ಐಜರ್‌ಮನ್‌ನೇ ಮ್ಯಾನೇಜರ್ ಆಗಿ ಮರಳಿದ. ಮೊದಲ ಋತುವಿನಲ್ಲಿ 71 ಪಂದ್ಯಗಳಲ್ಲಿ ಗೆದ್ದದ್ದು 17. ಲೀಗಿಗೇ ಕಟ್ಟಕಡೆ. ಇಷ್ಟು ಸೋತಿದ್ದಕ್ಕಾದರೂ ಡ್ರಾಫ್ಟಿನ ಮೊದಲ ಸರದಿ ಸಿಗುತ್ತದೆಂದು ಕಾದರೆ, ಲಾಟರಿಯಲ್ಲಿ ಬಂದದ್ದು ನಾಲ್ಕನೆಯದು. 2025ರವರೆಗೆ ಲೆಕ್ಕ ಹಾಕಿದರೆ 9 ಋತು ಪ್ಲೇಆಫ್ ಇಲ್ಲ.

ಇಲ್ಲಿ ಡಿಲನ್ ಲಾರ್ಕಿನ್ ಎಂಬಾತನ ಮಾತು ಹೇಳಲೇಬೇಕು. ಹುಟ್ಟಿದ್ದು ಮಿಷಿಗನ್ನಿನಲ್ಲೇ, ವಾಟರ್‌ಫರ್ಡ್‌ನಲ್ಲಿ. ಅವನು 17ರ ಹುಡುಗನಾಗಿದ್ದಾಗ, 2014ರಲ್ಲಿ, ಡೆಟ್ರಾಯ್ಟ್ ಅವನನ್ನು ಆರಿಸಿತು. 2016ರ ವಸಂತದಲ್ಲಿ ದಾತ್ಸ್ಯುಕ್, ಜೆಟರ್‌ಬರ್ಗರ ಜೊತೆ ಐದು ಪ್ಲೇಆಫ್ ಪಂದ್ಯ ಆಡಿದ. 2021ರಲ್ಲಿ ನಾಯಕನಾದ. 2025ರವರೆಗೆ ಅವನು ಕಂಡ ಪ್ಲೇಆಫ್ ಆ ಐದು ಪಂದ್ಯಗಳಷ್ಟೇ. ಆಟಗಾರನೊಬ್ಬನ 20ರಿಂದ 28ರವರೆಗಿನ ವರ್ಷಗಳು ಮತ್ತೆ ಬರುವುದಿಲ್ಲ. ಹಿರಿಯರು ಸನ್ಮಾನ ಪಡೆದು ಹೋದರು. ಮುಂದೆ ಎಂದಾದರೂ ಕಪ್ ಬಂದರೆ ಅದು ಕಿರಿಯರ ಹೆಸರಿಗೆ ಹೋಗುತ್ತದೆ. ಇವನು ನಡುವಿನವನು. ಅತ್ತೆಯ ಕಾಲದ ವೈಭವವೂ ಇಲ್ಲ, ಸೊಸೆಯ ಕಾಲದ ಸ್ವಾತಂತ್ರ್ಯವೂ ಇಲ್ಲ, ಇಬ್ಬರ ಬಾಕಿಯನ್ನೂ ತೀರಿಸುತ್ತಾ ಅಡುಗೆಮನೆಯಲ್ಲಿ ಆಯುಸ್ಸು ಕಳೆದ ಹೆಂಗಸರನ್ನು ನಾವೆಲ್ಲ ಕಂಡಿದ್ದೇವೆ. ಟೀವಿಯಲ್ಲಿ ಲಾರ್ಕಿನ್‌ನನ್ನು ನೋಡುವಾಗ ನನಗೆ ಅವರ ನೆನಪಾಗುತ್ತದೆ.

ಹಾಗಾದರೆ ಹಿರಿಯರನ್ನೆಲ್ಲ ಬೇಗ ಕಳಿಸಿಬಿಡುವುದೇ ಮೇಲೇ? ಅದಕ್ಕೆ ನಾಲ್ಕನೆಯ ಸಾಕ್ಷಿ ಬಫಲೊ. 2011ರ ನಂತರ 2025ರವರೆಗೆ ಆ ತಂಡ ಸತತ 14 ಋತು ಪ್ಲೇಆಫ್ ಕಾಣಲಿಲ್ಲ. ಲೀಗಿನ ಇತಿಹಾಸದಲ್ಲೇ ಇಷ್ಟು ದೀರ್ಘದ ಬರ ಇನ್ನೊಂದಿಲ್ಲ. ಬೀಜಕ್ಕೇನೂ ಕೊರತೆಯಿರಲಿಲ್ಲ. 2015ರಲ್ಲಿ ಎರಡನೆಯ ಸರದಿಯಲ್ಲಿ ಜ್ಯಾಕ್ ಐಕೆಲ್, 2018ರಲ್ಲಿ ಮತ್ತು 2021ರಲ್ಲಿ ಎರಡೂ ಸಲ ಮೊದಲ ಸರದಿ. ಐಕೆಲ್ ನಾಯಕನೂ ಆದ, ಆದರೆ ಬಫಲೊದಲ್ಲಿ ಒಂದೇ ಒಂದು ಪ್ಲೇಆಫ್ ಪಂದ್ಯ ಆಡಲಿಲ್ಲ. 2021ರ ನವೆಂಬರಿನಲ್ಲಿ ಲಾಸ್ ವೇಗಸ್ಸಿನ ತಂಡಕ್ಕೆ ಹೋಗಿ 2023ರಲ್ಲಿ ಕಪ್ ಗೆದ್ದ. ಒಳ್ಳೆಯ ಸಸಿ ತಂದು ನೆಟ್ಟರೆ ಸಾಲದು, ಅದಕ್ಕೆ ಆಸರೆಯ ಕೋಲೂ ಬೇಕು. ಸೋಲುವುದೇ ಅಭ್ಯಾಸವಾದ ಮನೆಯಲ್ಲಿ ಗೆಲ್ಲುವುದು ಹೇಗೆಂದು ಹುಡುಗರಿಗೆ ಕಲಿಸುವವರಾದರೂ ಯಾರು?

ಕೊನೆಯ ಸಾಕ್ಷಿ ವಾಷಿಂಗ್‌ಟನ್. 2018ರಲ್ಲಿ ಕಪ್ ಗೆದ್ದ ಆ ತಂಡಕ್ಕೂ ವಯಸ್ಸಾಯಿತು. 2023ರಲ್ಲಿ ಪ್ಲೇಆಫ್ ತಪ್ಪಿತು. ಎಷ್ಟೋ ವರ್ಷ ಆಟ ಕಟ್ಟಿದ್ದ ನಿಕ್ಲಾಸ್ ಬ್ಯಾಕ್‌ಸ್ಟ್ರಾಮ್ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯ ನಂತರ ಸುಧಾರಿಸಿಕೊಳ್ಳಲಾಗದೆ ಅದೇ ವರ್ಷ ನವೆಂಬರಿನಲ್ಲಿ ಹಿಂದೆ ಸರಿದ. ಕೆಡವಿಬಿಡಿ ಎಂದು ಹೇಳಿದವರು ಬಹಳ. ಅವರು ಕೆಡವಲಿಲ್ಲ. ಅಲೆಕ್ಸಾಂಡರ್ ಒವೆಚ್ಕಿನ್‌ನನ್ನು ನಡುಗಂಬವಾಗಿ ಉಳಿಸಿಕೊಂಡು ಸುತ್ತಲೂ ಬದಲಾಯಿಸಿದರು. 2019ರ ಡ್ರಾಫ್ಟಿನಲ್ಲಿ ಆರಿಸಿ ಪಳಗಿಸಿದ್ದ ಕಾನರ್ ಮೆಕ್‌ಮೈಕಲ್, ಅಲಿಯಾಕ್ಸೆ ಪ್ರೋಟಸ್ ಎಂಬ ಹುಡುಗರನ್ನು ಮುಂದೆ ಬಿಟ್ಟರು. ಶಿಕಾಗೋ ಕೈಬಿಟ್ಟಿದ್ದ ಡಿಲನ್ ಸ್ಟ್ರೋಮ್‌ನನ್ನು 2022ರಲ್ಲೇ ಕರೆತಂದಿದ್ದರು. 2024ರ ಜುಲೈನಲ್ಲಿ ಒಬ್ಬ ಆಟಗಾರ ಮತ್ತು ಒಂದು ಮೂರನೆಯ ಸುತ್ತಿನ ಸರದಿಯನ್ನು ಕೊಟ್ಟು ಇನ್ನೊಬ್ಬನನ್ನು ತಂದರು. ಅವನೇ ಜೇಕಬ್ ಚಿಕ್ರನ್, ಡೆಟ್ರಾಯ್ಟ್ ಬಿಟ್ಟುಕೊಟ್ಟ ಸರದಿಯಲ್ಲಿ ಆಯ್ಕೆಯಾಗಿದ್ದ ಹುಡುಗ. ಆ ಋತುವಿನಲ್ಲಿ ರಕ್ಷಣಾ ಆಟಗಾರನಾಗಿದ್ದೂ ಅವನು 20 ಗೋಲು ಹೊಡೆದ.

2025ರ ಏಪ್ರಿಲ್ 6ರಂದು 39ರ ಒವೆಚ್ಕಿನ್ ತನ್ನ 895ನೆಯ ಗೋಲು ಹೊಡೆದು ವೇಯ್ನ್ ಗ್ರೆಟ್ಸ್ಕಿಯ 894ರ ದಾಖಲೆಯನ್ನು ದಾಟಿದ. ಬಿದ್ದೇ ಹೋಗುವ ಮನೆ ಎಂದು ಎಲ್ಲರೂ ಅಂದುಕೊಂಡಿದ್ದ ಆ ತಂಡ ಆ ವರ್ಷ 111 ಅಂಕ ಗಳಿಸಿ ಪೂರ್ವ ವಿಭಾಗದಲ್ಲಿ ಮೊದಲನೆಯದಾಯಿತು. ಪ್ಲೇಆಫ್‌ನ ಎರಡನೆಯ ಸುತ್ತಿನಲ್ಲಿ ಕ್ಯಾರೊಲೈನಾ ಎದುರು ಸೋತಿತು, ನಿಜ. ಆದರೆ ಹಿರಿಯನನ್ನು ಗೌರವಿಸಲು ಕಿರಿಯರ ತಟ್ಟೆಯಿಂದ ತೆಗೆಯಬೇಕಾಗಿಲ್ಲ ಎಂಬುದನ್ನು ಅದು ಮಾಡಿ ತೋರಿಸಿತು.

ಕೆಡವುವುದೋ ರಿಪೇರಿಯೋ ಎಂಬ ಪ್ರಶ್ನೆಯನ್ನು ಜನ ಕೇಳುವಾಗ ಹಿರಿಯರು ಒಂದು ಕಡೆ, ಕಿರಿಯರು ಒಂದು ಕಡೆ ನಿಂತು ಜಗಳವಾಡುತ್ತಿದ್ದಾರೇನೋ ಎನ್ನಿಸುತ್ತದೆ. ಇಷ್ಟೆಲ್ಲ ಸಾಕ್ಷಿಗಳನ್ನು ಕೇಳಿದ ಮೇಲೆ ನನಗೆ ಕಾಣುವುದು ಬೇರೆ. ಬೋವರ್‌ನ 42ರಿಂದ ಟೊರಾಂಟೊ ಹಾಳಾಗಲಿಲ್ಲ, ಲಿಡ್‌ಸ್ಟ್ರಾಮ್‌ನ 42ರಿಂದ ಡೆಟ್ರಾಯ್ಟೂ ಹಾಳಾಗಲಿಲ್ಲ. ಅವರ ನೆರಳಿನಲ್ಲಿ ಬೆಳೆಯಬೇಕಾಗಿದ್ದವರನ್ನು ಮಾರಿಕೊಂಡಾಗ ಹಾಳಾಯಿತು. ಆ ನಿರ್ಧಾರ ಮಾಡಿದ ಮ್ಯಾನೇಜರುಗಳು ಬೇರೆ ಕೆಲಸಕ್ಕೆ ಹೋಗುತ್ತಾರೆ, ಹಿರಿಯರ ಅಂಗಿಗಳನ್ನು ಕ್ರೀಡಾಂಗಣದ ಚಾವಣಿಗೆ ತೂಗುಹಾಕುತ್ತಾರೆ. ಸಾಲ ಮಾತ್ರ ಆಮೇಲೆ ಬಂದವನ ಹೆಸರಿನಲ್ಲಿ ಉಳಿಯುತ್ತದೆ.

ಟೆರಿ ಸಾಚಕ್ ಗೋಲು ಬಿಡದೆ ಮುಗಿಸಿದ ಪಂದ್ಯಗಳು 103. ಆ ದಾಖಲೆಯನ್ನು ಮಾರ್ಟಿನ್ ಬ್ರೊಡರ್ ಮುರಿದದ್ದು 2009ರಲ್ಲಿ. 25ಕ್ಕೆ ಅವನನ್ನು ಮನೆಯಿಂದ ಹೊರಗೆ ಕಳಿಸಿದವರಿಗೂ, 37ಕ್ಕೆ ಅವನ ಭುಜದ ಮೇಲೆ ಭಾರ ಹೊರಿಸಿ ಕಪ್ ಗೆದ್ದವರಿಗೂ ಅವನು ಆ ವರ್ಷದ ಲೆಕ್ಕಕ್ಕೆ ಒದಗುವ ಒಬ್ಬ ಆಳಾಗಿದ್ದನೇ ಹೊರತು ಅವನ ಹಿಂದೆ ಯಾರು ಬೆಳೆಯಬೇಕು ಎಂಬ ಯೋಚನೆ ಇದ್ದಂತೆ ಕಾಣುವುದಿಲ್ಲ. ಅವನು 1970ರ ಮೇ ತಿಂಗಳಲ್ಲಿ ತೀರಿಕೊಂಡ. ಆಗ ಅವನಿಗೆ 40 ವರ್ಷ.

ಹಿರಿಯರು ಎಷ್ಟು ದಿನ ಇರಬೇಕು ಎಂಬುದು ದೊಡ್ಡ ಪ್ರಶ್ನೆಯಲ್ಲ. ಅವರು ಇರುವ ದಿನಗಳಲ್ಲಿ ಬಿತ್ತನೆಯ ಮೂಟೆಯ ಬಾಯಿ ಕಟ್ಟಿದೆಯೇ ಎಂದು ಯಾರಾದರೂ ಆಗಾಗ ಹೋಗಿ ಮುಟ್ಟಿ ನೋಡುತ್ತಿರಬೇಕು.